ಮಂದ್ರ ಹೊರುವವರು ಯಾರು? ವೈಟ್ ಸ್ಟ್ರೈಪ್ಸ್ ಗಿಟಾರ್ ಕೆಳಗಿಟ್ಟ ಆಲ್ಬಂ

ಕಛೇರಿಯ ನಡುವೆ ತಂಬೂರಿ ನಿಂತುಹೋದರೆ ಹಾಡುವವರ ದನಿ ಹೇಗೆ ಇದ್ದಕ್ಕಿದ್ದಂತೆ ಬಡವಾಗುತ್ತದೆ ಎಂದು ಗೊತ್ತಿರುವವರಿಗೆ ಇಬ್ಬರೇ ಇರುವ ರಾಕ್ ತಂಡದ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ರಾಕ್‌ನಲ್ಲಿ ತಂಬೂರಿ ಇಲ್ಲ. ಅಲ್ಲಿ ನೆಲ ಹಾಸಿಕೊಡುವುದು ಬೇಸ್ ಗಿಟಾರ್. ಒಬ್ಬರು ಗಿಟಾರ್, ಇನ್ನೊಬ್ಬರು ಡ್ರಮ್ ಎಂದು ಇಬ್ಬರೇ ವೇದಿಕೆ ಹತ್ತಿದರೆ ಆ ನೆಲ ಇರುವುದಿಲ್ಲ. ಗಿಟಾರಿನ ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ, ಅಂದರೆ 82 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ಬೇಸ್ ಗಿಟಾರಿನದು ಅದರ ಅರ್ಧ, 41. ಈ ಎರಡರ ನಡುವಿನ ಒಂದು ಸ್ಥಾಯಿಯಲ್ಲಿ ಡ್ರಮ್‌ನ ಕಿಕ್ (ಕಾಲಿನಿಂದ ಬಡಿಯುವ ದೊಡ್ಡ ಡ್ರಮ್) ಬಿಟ್ಟರೆ ಏನೂ ಇಲ್ಲ. ಕಿಕ್ ಬೀಳುವುದು ಆಗೊಮ್ಮೆ ಈಗೊಮ್ಮೆ, ಬಿದ್ದ ತಕ್ಷಣ ಸಾಯುತ್ತದೆ.

ಹಾಗಾದರೆ ಮಂದ್ರವನ್ನು ಹೊರುವವರು ಯಾರು? ಜೋಡಿ ತಂಡಗಳ ಶೈಲಿ ಬದಲಾಯಿತು, ದಾರಿ ಬದಲಾಯಿತು ಎಂದು ಬರೆಯುವವರು ಈ ಪ್ರಶ್ನೆ ಕೇಳುವುದು ಕಡಿಮೆ. ವೈಟ್ ಸ್ಟ್ರೈಪ್ಸ್ 2005ರ ಜೂನ್‌ನಲ್ಲಿ ಹೊರತಂದ 'ಗೆಟ್ ಬಿಹೈಂಡ್ ಮಿ ಸೇಟನ್' ಆಲ್ಬಂನಲ್ಲಿ ನಡೆದದ್ದನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಹಿಡಿಕೆ ಇಲ್ಲ.

ಜ್ಯಾಕ್ ವೈಟ್ ಮತ್ತು ಮೆಗ್ ವೈಟ್ 1997ರಲ್ಲಿ ಅಮೆರಿಕದ ಡೆಟ್ರಾಯ್ಟ್‌ನಲ್ಲಿ ಕಟ್ಟಿದ ತಂಡ ಇದು. (ಅಣ್ಣ ತಂಗಿ ಎಂದು ಹೇಳಿಕೊಂಡು ತಿರುಗಿದರು. ನಿಜಕ್ಕೆ ಮದುವೆಯಾಗಿ ಬಿಟ್ಟವರು.) ಬಟ್ಟೆಗೆ ಮೂರೇ ಬಣ್ಣ: ಕೆಂಪು, ಬಿಳಿ, ಕಪ್ಪು. ಸಂಗೀತಕ್ಕೂ ಮೂರೇ ಸಾಮಗ್ರಿ: ದನಿ, ಗಿಟಾರ್, ಡ್ರಮ್. ತಮಗೆ ತಾವೇ ಹಾಕಿಕೊಂಡ ಈ ಕಟ್ಟುಪಾಡಿನಲ್ಲೇ 1999ರಿಂದ 2003ರವರೆಗೆ ನಾಲ್ಕು ಆಲ್ಬಂ ಮಾಡಿದರು. ಪಿಯಾನೊ ಅಲ್ಲಲ್ಲಿ ಇಣುಕಿದ್ದುಂಟು, ಆದರೆ ಮನೆಯ ಯಜಮಾನ ಗಿಟಾರೇ.

ನಾಲ್ಕನೆಯದು 'ಎಲಿಫೆಂಟ್'. ಲಂಡನ್ನಿನ ಟೋ ರ್‍ಯಾಗ್ ಸ್ಟುಡಿಯೊದಲ್ಲಿ, ಎಂಟು ಟ್ರ್ಯಾಕಿನ (ಎಂಟು ದನಿಗಳನ್ನು ಬೇರೆ ಬೇರೆಯಾಗಿ ಹಿಡಿದಿಡುವ) ಟೇಪ್ ಯಂತ್ರದ ಮೇಲೆ ಮುದ್ರಿಸಿದ್ದು. ಕಂಪ್ಯೂಟರ್ ಎಲ್ಲೂ ಬಳಸಿಲ್ಲ ಎಂದು ಆಲ್ಬಂನ ಜೊತೆಗಿನ ಟಿಪ್ಪಣಿಯಲ್ಲೇ ಅಚ್ಚು ಹಾಕಿಸಿದ್ದರು. ಅದರ ಮೊದಲ ಹಾಡು 'ಸೆವೆನ್ ನೇಷನ್ ಆರ್ಮಿ'ಯ ಏಳು ಸ್ವರದ ಸಾಲು ಈಗ ಫುಟ್‌ಬಾಲ್ ಮೈದಾನಗಳಲ್ಲಿ ಕೂಗುವ ಘೋಷಣೆ. ಎಷ್ಟೋ ಜನ ಅದನ್ನು ಬೇಸ್ ಗಿಟಾರ್ ಎಂದೇ ನಂಬಿದ್ದಾರೆ. ಅದು ಪೊಳ್ಳು ಒಡಲಿನ ಕೇ ಕಂಪನಿಯ ಹಳೆಯ ಗಿಟಾರ್. ಕಾಲಡಿಯ ಡಿಜಿಟೆಕ್ ವ್ಯಾಮಿ ಪೆಡಲ್ ಸ್ವರವನ್ನು ಒಂದು ಸ್ಥಾಯಿ ಕೆಳಗೆ ಇಳಿಸುತ್ತದೆ. ಸಾಲು ಶುರುವಾಗುವ ಸ್ವರ ಗಿಟಾರಿನಲ್ಲಿ ಸುಮಾರು 165 ಹರ್ಟ್ಸ್. ಇಳಿದ ಮೇಲೆ 82. ಸಾಲಿನ ಅತಿ ತಗ್ಗಿನ ಸ್ವರ ಸುಮಾರು 62ಕ್ಕೆ ಬಂದು ನಿಲ್ಲುತ್ತದೆ. ಲೆಕ್ಕ ಇಲ್ಲೇ ಇದೆ. ಗಿಟಾರಿನ ಅತಿ ತಗ್ಗಿನ ತಂತಿಯನ್ನೇ ಇಳಿಸಿದ್ದರೆ 41ಕ್ಕೆ ಹೋಗುತ್ತಿತ್ತು, ಹತ್ತು ಇಂಚಿನ ಗಿಟಾರ್ ಸ್ಪೀಕರುಗಳು ಅಲ್ಲಿ ಕೈ ಚೆಲ್ಲುತ್ತವೆ. ಮೂಲ ಸ್ವರ ಸತ್ತು, ಅದರ ಮೇಲಿನ 82, 123ರ ಅನುರಣನವಷ್ಟೇ ಹೊರಬಂದು, ದನಿ ಗಂಟಲು ಕಟ್ಟಿದಂತೆ ಕೇಳುತ್ತದೆ. ಮಧ್ಯದ ಸ್ವರಗಳನ್ನು ಆರಿಸಿ ಇಳಿಸಿದ್ದರಿಂದಲೇ ಆ ಸಾಲು ಅಷ್ಟು ಗಟ್ಟಿ.

ಅಂದರೆ 2003ರ ಹೊತ್ತಿಗೆ ಮಂದ್ರದ ಪ್ರಶ್ನೆಗೆ ಇವರ ಬಳಿ ಉತ್ತರವಿತ್ತು. ಗ್ರ್ಯಾಮಿ ಬಂತು, ದುಡ್ಡು ಬಂತು. ಅದೇ ಉತ್ತರವನ್ನು ಇನ್ನೊಂದು ಹತ್ತು ವರ್ಷ ಮಾರಿಕೊಂಡು ಇರಬಹುದಿತ್ತು.

ಮುಂದಿನ ಆಲ್ಬಂ ಡೆಟ್ರಾಯ್ಟ್‌ನ ಜ್ಯಾಕ್ ವೈಟ್ ಮನೆಯಲ್ಲೇ ಮುದ್ರಣವಾಯಿತು. ಹದಿಮೂರು ಹಾಡು, ಸುಮಾರು 44 ನಿಮಿಷ. ಎಲೆಕ್ಟ್ರಿಕ್ ಗಿಟಾರ್ ಮುಂದೆ ನಿಂತು ಮಾತಾಡುವ ಹಾಡುಗಳು ಮೂರೇ: 'ಬ್ಲೂ ಆರ್ಕಿಡ್', 'ಇನ್‌ಸ್ಟಿಂಕ್ಟ್ ಬ್ಲೂಸ್', 'ರೆಡ್ ರೈನ್'. ಉಳಿದ ಕಡೆ ಪಿಯಾನೊ, ಮರಿಂಬಾ (ಮರದ ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ವಾದ್ಯ), ಮ್ಯಾಂಡೊಲಿನ್, ಅಕೂಸ್ಟಿಕ್ ಗಿಟಾರ್. ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಮಾರಾಟದ ಪಟ್ಟಿಯ ಮೂರನೇ ಸ್ಥಾನಕ್ಕೆ ನೇರ ಹೋಯಿತು, ಮರುವರ್ಷ ಆಲ್ಟರ್ನೇಟಿವ್ ವಿಭಾಗದ ಗ್ರ್ಯಾಮಿಯನ್ನೂ ತಂದಿತು. ಹೆಸರು ಬೈಬಲ್ಲಿನ ಮತ್ತಾಯನ ಸುವಾರ್ತೆಯಿಂದ ಬಂದದ್ದು. ಯೇಸು ಪೇತ್ರನನ್ನು ಗದರುವ ಮಾತದು.

ಮೊದಲ ಹಾಡು 'ಬ್ಲೂ ಆರ್ಕಿಡ್' ಕೇಳಿದವರು ಮೋಸಹೋಗುತ್ತಾರೆ. ಕೊಯ್ಯುವಂಥ ಗಿಟಾರ್, ಅದರ ಮೇಲೆ ಕೀಚಲು ದನಿಯ ಹಾಡು. ಹಿಂದಿನದೇ ತಂಡ ಇನ್ನಷ್ಟು ಜೋರಾಗಿ ಬಂದಿದೆ ಅನ್ನಿಸುತ್ತದೆ. ಬೇಕೆಂದೇ ಹಾಗಿಟ್ಟದ್ದು ಎನ್ನುವುದು ನಮ್ಮ ಗುಮಾನಿ. ಗಮನಿಸಿ ಕೇಳಿದರೆ ಇಲ್ಲೂ ಏನೋ ಬೇರೆಯಾಗಿದೆ. ಪೆಡಲ್ ಬದಲಾಗಿದೆ. ಇದು ಎಲೆಕ್ಟ್ರೋ-ಹಾರ್ಮೋನಿಕ್ಸ್‌ನ ಪಾಗ್, ಆಗಷ್ಟೇ ಮಾರುಕಟ್ಟೆಗೆ ಬಂದಿದ್ದ ಸ್ಥಾಯಿ ಪೆಡಲ್. ಹಳೆಯ ಆಕ್ಟೇವ್ (ಸ್ಥಾಯಿ) ಪೆಡಲುಗಳು ಬಂದ ಅಲೆಯನ್ನು ಎರಡರಿಂದ ಭಾಗಿಸುವ ಸರಳ ಸರ್ಕಿಟ್‌ಗಳು. ಒಂದು ಸಲಕ್ಕೆ ಒಂದೇ ಸ್ವರ ಕೊಡಬೇಕು, ಎರಡು ಕೊಟ್ಟರೆ ಗೊಗ್ಗರು ದನಿಯಲ್ಲಿ ತೊದಲುತ್ತವೆ. ಪಾಗ್ ಪೂರ್ತಿ ಕಾರ್ಡನ್ನೇ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲನ್ನೇ) ನುಂಗಿ, ಒಂದು ಸ್ಥಾಯಿ ಕೆಳಗೆ, ಒಂದು ಮೇಲೆ, ಎರಡು ಮೇಲೆ ಎಂದು ಪದರ ಪದರವಾಗಿ ಹೊರಹಾಕುತ್ತದೆ. ಪ್ರತಿ ಪದರಕ್ಕೂ ಬೇರೆ ಬೇರೆ ಜಾರುಗುಂಡಿ. ಗಿಟಾರ್ ಆರ್ಗನ್ ಆಗುತ್ತದೆ. ಮಂದ್ರಕ್ಕಿಂತ ತಾರ ಸ್ಥಾಯಿಯೇ ಇಲ್ಲಿ ಹೆಚ್ಚು ಮಿಂಚುತ್ತದೆ.

ಈ ದನಿಯನ್ನು ಮನೆಯಲ್ಲಿ ಹುಡುಕುವವರು ಸಾಮಾನ್ಯವಾಗಿ ಎಡವುವುದು ಪೆಡಲುಗಳ ಸರದಿಯಲ್ಲಿ. ಆಕ್ಟೇವ್ ಪೆಡಲ್ ಗಿಟಾರಿನ ಪಕ್ಕದಲ್ಲೇ, ಸರಣಿಯ ಮೊದಲಲ್ಲಿ ಇರಬೇಕು. ಒಡೆಯದ ಸ್ವಚ್ಛ ಸ್ವರ ಸಿಕ್ಕಿದಷ್ಟೂ ಅದು ಸ್ವರಸ್ಥಾನವನ್ನು ಸರಿಯಾಗಿ ಹಿಡಿಯುತ್ತದೆ. ಅದರ ನಂತರ ಸ್ವರವನ್ನು ಬೇಕೆಂದೇ ಒರಟಾಗಿ ಒಡೆಯುವ ಫಜ್ ಪೆಡಲ್. ಆದರೆ ಈ ಸರದಿಗೂ ಒಂದು ದಂಡವಿದೆ: ಮೂರು ನಾಲ್ಕು ಸ್ಥಾಯಿಗಳು ಒಟ್ಟಿಗೆ ಒಂದೇ ಫಜ್‌ನೊಳಗೆ ನುಗ್ಗಿದಾಗ ಸ್ವರಗಳು ಒಂದಕ್ಕೊಂದು ಗುಣಿಸಿಕೊಂಡು ಬೇಡದ ಸ್ವರಗಳನ್ನು ಹುಟ್ಟಿಸುತ್ತವೆ. ಮೂರು ಸ್ವರದ ಮೇಜರ್ ಕಾರ್ಡ್ ಹಿಡಿದರೆ ಕೆಸರು. ಆದ್ದರಿಂದ ಕಾರ್ಡ್ ಬಿಟ್ಟು ಒಂಟಿ ಸ್ವರ, ಹೆಚ್ಚೆಂದರೆ ಷಡ್ಜ-ಪಂಚಮ ಜೋಡಿ ಹಿಡಿಯುವುದು ಲೇಸು. ಕೆಳಸ್ಥಾಯಿಯ ಗುಂಡಿಯನ್ನು ಅರ್ಧಕ್ಕಿಂತ ಮೇಲೆ ಒಯ್ಯಬೇಡಿ. ಅದು ಕಿಕ್ ಡ್ರಮ್‌ನ 50ರಿಂದ 80 ಹರ್ಟ್ಸ್ ಜಾಗಕ್ಕೆ ನುಗ್ಗುತ್ತದೆ, ಎರಡೂ ಸೇರಿ ಗುಡುಗುಡು ಎನ್ನುವುದು ಬಿಟ್ಟು ಬೇರೇನೂ ಉಳಿಯುವುದಿಲ್ಲ.

ಇನ್ನು ಗಿಟಾರ್ ಮುಂದೆ ನಿಲ್ಲದ ಹಾಡುಗಳಿಗೆ ಬರೋಣ. ಆಲ್ಬಂನ ನಿಜವಾದ ಕಸರತ್ತು ಅಲ್ಲಿದೆ.

ಫಜ್ ಹಾಕಿದ ಗಿಟಾರಿನ ಸ್ವಭಾವ ಹಾರ್ಮೋನಿಯಂನದ್ದೇ ಎನ್ನಬಹುದು. ಗಾಳಿ ಇರುವಷ್ಟು ಹೊತ್ತೂ ಸ್ವರ ನಿಂತಿರುತ್ತದೆ, ಶುರುವಿನಲ್ಲಿ ಎಷ್ಟು ಜೋರೋ ಎರಡು ಸೆಕೆಂಡ್ ಆದ ಮೇಲೂ ಹತ್ತಿರ ಹತ್ತಿರ ಅಷ್ಟೇ. ಆ ನಿಂತ ನಾದ ಡ್ರಮ್‌ನ ಪೆಟ್ಟುಗಳ ನಡುವಿನ ಸಂದನ್ನೆಲ್ಲ ತುಂಬುತ್ತದೆ. ಪಿಯಾನೊ ಮತ್ತು ಮರಿಂಬಾ ಜಲತರಂಗದ ಜಾತಿ. ಪೆಟ್ಟು ಬಿತ್ತು, ನಾದ ಹೊಮ್ಮಿತು, ಇಳಿಯಿತು. ಮರಿಂಬಾದ ಮೇಲಿನ ಸ್ವರಗಳಂತೂ ಒಂದು ಸೆಕೆಂಡಿನೊಳಗೇ ಮುಗಿದುಹೋಗುತ್ತವೆ. ಹಾಗಾಗಿ ಗಿಟಾರ್ ತೆಗೆದು ಪಿಯಾನೊ ಇಟ್ಟಾಗ ತಂಡ ಮೆತ್ತಗಾಯಿತು ಎನ್ನುವುದು ಮೇಲುನೋಟದ ಮಾತು. ಇಬ್ಬರೂ ಈಗ ಬಡಿಯುವ ವಾದ್ಯದವರು. ಇಬ್ಬರ ಪೆಟ್ಟುಗಳ ನಡುವೆ ಸಂದು ಬಿಟ್ಟಿದೆ, ತಾಳ ಒಂದು ಎಳೆ ಆಚೀಚೆ ಆದರೂ ಮುಚ್ಚಿಡಲು ಏನೂ ಇಲ್ಲ.

'ಮೈ ಡೋರ್‌ಬೆಲ್' ಈ ಸಂದನ್ನೇ ಬಂಡವಾಳ ಮಾಡಿಕೊಂಡ ಹಾಡು. ಡ್ರಮ್ ಮೊದಲು ಬರುತ್ತದೆ, ಪಿಯಾನೊ ಅದರೊಳಗೆ ಕಾಲಿಡುತ್ತದೆ. ಕಾರ್ಡುಗಳನ್ನು ಎಳೆಯುವುದಿಲ್ಲ, ಚಿಕ್ಕದಾಗಿ ಕತ್ತರಿಸಿ ಎಡಗಡೆ ಬಲಗಡೆ ಎಸೆದಂತೆ ನುಡಿಸುತ್ತಾರೆ. ಎಡಗೈ ಮಂದ್ರ ಹಿಡಿದರೆ ಬಲಗೈ ಹಾಡುವವನ ದನಿಗೆ ಉತ್ತರ ಕೊಡುತ್ತದೆ. ಮೋಟೌನ್ ಎಂಬ ಸೋಲ್ ಸಂಗೀತದ ಕಂಪನಿ ಹುಟ್ಟಿದ ಊರಿನವರು ಎಂಬುದು ಇಲ್ಲಿ ಕೇಳಿಸುತ್ತದೆ. ಈ ಹಾಡನ್ನು ಮನೆಯಲ್ಲಿ ನುಡಿಸಿ ನೋಡುವವರು ಸಾಮಾನ್ಯವಾಗಿ ಸ್ವರವನ್ನು ನಿಲ್ಲಿಸಿಡುವ ಸಸ್ಟೇನ್ ಪೆಡಲ್ ಒತ್ತಿಹಿಡಿದು ಕೆಡಿಸುತ್ತಾರೆ. ಕಾಲು ತೆಗೆದು ನುಡಿಸಬೇಕು. ಎಡಗೈಯಲ್ಲಿ ಒಂದೇ ಸ್ವರವನ್ನು ಎರಡು ಸ್ಥಾಯಿಯಲ್ಲಿ ಜೋಡಿಯಾಗಿ ಹಿಡಿಯಬೇಕು, ತ್ರಿಸ್ವರ ಬೇಡ. ಮಂದ್ರದಲ್ಲಿ ಹತ್ತಿರ ಹತ್ತಿರದ ಸ್ವರಗಳು ಕೂಡಿದರೆ ಕಿವಿಗೆ ಅವು ಬೇರೆ ಬೇರೆಯಾಗಿ ಸಿಗುವುದಿಲ್ಲ, ಗಡಗಡ ಎನ್ನುತ್ತವೆ. 130 ಹರ್ಟ್ಸ್ ಅಂದರೆ ಪಿಯಾನೊದ ನಡು ಸಾ-ಗಿಂತ ಒಂದು ಸ್ಥಾಯಿ ಕೆಳಗೆ. ಅದರ ಕೆಳಗೆ ಗಾಂಧಾರಕ್ಕೆ ಜಾಗವಿಲ್ಲ ಎಂದು ನೆನಪಿಟ್ಟರೆ ಸಾಕು.

'ದ ನರ್ಸ್' ಹಿಡಿದ ದಾರಿ ಇದಕ್ಕೆ ಉಲ್ಟಾ, ಮತ್ತು ನಮ್ಮ ಮಟ್ಟಿಗೆ ಆಲ್ಬಂನ ಅತಿ ಧೈರ್ಯದ ಹಾಡು. ಮರಿಂಬಾ ತಣ್ಣಗೆ, ಜೋಗುಳದಂತೆ ಸುತ್ತು ಹಾಕುತ್ತಿರುತ್ತದೆ. ಆಗ ಯಾವ ಸೂಚನೆಯೂ ಇಲ್ಲದೆ ಡ್ರಮ್ ಮತ್ತು ಒಡೆದ ಗಿಟಾರ್ ಒಟ್ಟಿಗೆ ದಡಾರನೆ ಬಂದು ಬೀಳುತ್ತವೆ, ಮತ್ತೆ ಮಾಯ. ಎಣಿಸಿಕೊಂಡು ಕೂತರೆ ಅವು ನಿರೀಕ್ಷೆಯ ಜಾಗದಲ್ಲಿ ಬೀಳುವುದಿಲ್ಲ. ತಾಳಮದ್ದಳೆಯ ಅರ್ಥಗಾರಿಕೆ ನಡೆಯುತ್ತಿರುವಾಗ ಪಕ್ಕದ ಗದ್ದೆಯ ಬಯಲಾಟದ ಚೆಂಡೆ ಗಾಳಿಗೆ ತೇಲಿ ಬಂದು ಬಡಿದಂತೆ. ಹಾಡು ಹೇಳುವುದು ಆರೈಕೆ ಮಾಡಬೇಕಾದವಳ ವಂಚನೆಯ ಕುರಿತು. ಆ ವಂಚನೆಯನ್ನು ಕಿವಿಗೇ ಮಾಡಿ ತೋರಿಸಿದ್ದಾರೆ.

ಮರಿಂಬಾದ ಬಗ್ಗೆ ಎರಡು ಮಾತು. ಜ್ಯಾಕ್ ವೈಟ್ ಅದನ್ನು ಬಣ್ಣಕ್ಕಾಗಿ ತಂದಿಟ್ಟರು ಎಂದು ಆಗಿನ ಎಷ್ಟೋ ವಿಮರ್ಶೆಗಳ ಧಾಟಿ ಇತ್ತು. ವಾದ್ಯದ ಒಡಲು ನೋಡಿದರೆ ಹಾಗನ್ನಿಸುವುದಿಲ್ಲ. ಮರದ ಪ್ರತಿ ಪಟ್ಟಿಯ ಅಡಿಭಾಗವನ್ನು ಕಮಾನಾಗಿ ಕೆತ್ತಿ, ಮೂಲ ಸ್ವರದ ಜೊತೆಗೆ ಅದರ ನಾಲ್ಕು ಪಟ್ಟಿನ, ಅಂದರೆ ಸರಿಯಾಗಿ ಎರಡು ಸ್ಥಾಯಿ ಮೇಲಿನ, ಅನುಸ್ವರಕ್ಕೆ ಶ್ರುತಿ ಮಾಡಿರುತ್ತಾರೆ. ಅದಕ್ಕೇ ಅದರ ನಾದ ಅಷ್ಟು ದುಂಡಗೆ. ಕ್ಸೈಲೊಫೋನ್‌ನಲ್ಲಿ ಅದು ಮೂರು ಪಟ್ಟು, ದನಿ ಚೂಪು. ಪಟ್ಟಿಯ ಕೆಳಗೆ ತೂಗುವ ಕೊಳವೆ ಆ ಸ್ವರದ ಅಲೆಯುದ್ದದ ಕಾಲು ಭಾಗ ಉದ್ದವಿರಬೇಕು. 110 ಹರ್ಟ್ಸ್‌ಗೆ ಸುಮಾರು 78 ಸೆಂಟಿಮೀಟರ್. 4.3 ಸ್ಥಾಯಿಯ ಮರಿಂಬಾಗಳು ಇಲ್ಲಿಗೆ ಕೆಳಗೆ ಹೋಗುವುದನ್ನು ನಿಲ್ಲಿಸುತ್ತವೆ. ಐದು ಸ್ಥಾಯಿಯವು 65ರವರೆಗೆ ಇಳಿಯುತ್ತವೆ. ಅಂದರೆ ಇದು ನಿಜಕ್ಕೂ ಮಂದ್ರ ಹೊರಬಲ್ಲ ವಾದ್ಯ, ಆದರೆ ಮೆತ್ತಗೆ ಹೊರುತ್ತದೆ.

ಅದೇ ತೊಡಕು ಕೂಡ. ತಗ್ಗಿನ ಪಟ್ಟಿಗಳಿಗೆ ನೂಲು ಸುತ್ತಿದ ಮೆದು ಕೋಲೇ ಬೇಕು. ಗಟ್ಟಿ ಕೋಲಿನಿಂದ ಬಡಿದರೆ ಟಕ್ ಎನ್ನುವ ಪೆಟ್ಟು ಕೇಳುತ್ತದೆ, ನಾದ ಬರುವುದಿಲ್ಲ, ಪಟ್ಟಿಯೂ ಗಾಯವಾಗುತ್ತದೆ. ಮೆದು ಕೋಲಿನ ದನಿ ಡ್ರಮ್ ಎದುರು ಸೋಲುತ್ತದೆ. ಸೆಖೆಯಲ್ಲಿ ಇನ್ನೊಂದು ಪೀಡೆ: ಬಿಸಿಗೆ ಮರದ ಪಟ್ಟಿಯ ಶ್ರುತಿ ಇಳಿಯುತ್ತದೆ, ಕೊಳವೆಯೊಳಗಿನ ಗಾಳಿಯ ಶ್ರುತಿ ಏರುತ್ತದೆ. ಎರಡಕ್ಕೂ ತಾಳೆ ತಪ್ಪಿ ನಾದ ಒಣಗುತ್ತದೆ. ಹೀಗಾಗಿ 'ದ ನರ್ಸ್'ನಲ್ಲಿ ಡ್ರಮ್ ಉದ್ದಕ್ಕೂ ಬಾರಿಸದೆ, ಆಗಾಗ ಬಂದು ಹೊಡೆದು ಹೋಗುವುದು ಭಾವಕ್ಕೆ ಎಷ್ಟು ಒಪ್ಪುತ್ತದೋ ಲೆಕ್ಕಕ್ಕೂ ಅಷ್ಟೇ ಒಪ್ಪುತ್ತದೆ.

ಇಷ್ಟೆಲ್ಲ ವಾದ್ಯ ಬದಲಾದರೂ ಬದಲಾಗದೆ ಉಳಿದದ್ದು ಮೆಗ್ ವೈಟ್ ಬಾರಿಸುವ ರೀತಿ. ಆಕೆಗೆ ಬಾರಿಸಲು ಬರುವುದಿಲ್ಲ ಎನ್ನುವ ಹಳೇ ಜಗಳವನ್ನು ಮತ್ತೆ ಕೆದಕುವವರು ಈ ಆಲ್ಬಂ ಕೇಳಲಿ. ಗಿಟಾರಿನ ಹೊಗೆ ಇಲ್ಲದಾಗ ಡ್ರಮ್ ಬರಿಮೈಯಲ್ಲಿ ನಿಂತಿದೆ. ಕಿಕ್, ಸ್ನೇರ್, ಕಿಕ್, ಸ್ನೇರ್. ಕೈಚಳಕವಿಲ್ಲ, ಉರುಳಿಕೆಗಳಿಲ್ಲ. ಸ್ನೇರ್, ಅಂದರೆ ಕೋಲಿನಿಂದ ಬಡಿಯುವ ಚಿಕ್ಕ ಡ್ರಮ್, ಒಂದು ಕೂದಲೆಳೆ ತಡವಾಗಿ ಬೀಳುತ್ತದೆ. ಜ್ಯಾಕ್ ವೈಟ್ ಆತುರದಲ್ಲಿ ಮುಂದೋಡುವ ನುಡಿಸುಗಾರ, ಈಕೆ ಹಿಂದೆ ಹಿಡಿದೆಳೆಯುವ ಹಗ್ಗ. ಪಳಗಿದ ಡ್ರಮ್ಮರ್ ಒಬ್ಬರು ಸಂದುಗಳನ್ನೆಲ್ಲ ತುಂಬಿಬಿಟ್ಟಿದ್ದರೆ 'ಮೈ ಡೋರ್‌ಬೆಲ್' ಹತ್ತರಲ್ಲಿ ಹನ್ನೊಂದಾಗುತ್ತಿತ್ತು. ಆಕೆ ಹಾಡಿರುವ 'ಪ್ಯಾಸಿವ್ ಮ್ಯಾನಿಪ್ಯುಲೇಷನ್' ಬರೀ 35 ಸೆಕೆಂಡು. ಅದು ಹಾಡೋ ಟಿಪ್ಪಣಿಯೋ ಎಂದು ತೀರ್ಮಾನಿಸುವುದರೊಳಗೆ ಮುಗಿದಿರುತ್ತದೆ.

ಎಲ್ಲವೂ ಕೂಡಿಬಂದಿದೆ ಎಂದೇನಿಲ್ಲ. 'ವೈಟ್ ಮೂನ್' ನಿಧಾನದ ಪಿಯಾನೊ ಹಾಡು, ರೀಟಾ ಹೇವರ್ತ್ ಎಂಬ ಹಾಲಿವುಡ್ ತಾರೆಯ ನೆರಳಿನಲ್ಲಿ ನಡೆಯುತ್ತದೆ. ನಿಧಾನದ ಹಾಡಿನಲ್ಲಿ ಪಿಯಾನೊ ಸ್ವರ ಇಳಿದು ಹೋಗುವಷ್ಟು ಬಿಡುವಿದೆ, ಆ ಬಿಡುವನ್ನು ಹೊರುವವರು ಯಾರೂ ಇಲ್ಲ. ಡ್ರಮ್ ಬಂದಾಗಲೂ ಅದು ಹಾಡಿನ ಕೆಳಗೆ ಸೇರದೆ ಪಕ್ಕದಲ್ಲಿ ನಿಲ್ಲುತ್ತದೆ. ಒಂದು ಸೆಲ್ಲೊ ಇದ್ದಿದ್ದರೆ ಎನ್ನಿಸುತ್ತದೆ, ಆದರೆ ಮೂರನೆಯವರನ್ನು ಕರೆಯುವುದು ಈ ಮನೆಯ ರೂಢಿಯಲ್ಲ. ಅದೇ ತಾರೆ 'ಟೇಕ್, ಟೇಕ್, ಟೇಕ್'ನಲ್ಲೂ ಬರುತ್ತಾಳೆ. ಅಭಿಮಾನಿಯೊಬ್ಬ ಅವಳನ್ನು ಕಂಡು ಹಸ್ತಾಕ್ಷರ ಕೇಳುತ್ತಾನೆ, ಆಮೇಲೆ ಬೇರೇನೋ, ಮತ್ತೆ ಇನ್ನೇನೋ. ಇದು ಚೆನ್ನಾಗಿ ದಕ್ಕಿದೆ, ಯಾಕೆಂದರೆ ಮಾತಿನ ಓಟವೇ ಸಂದು ತುಂಬುತ್ತದೆ. 'ಲಿಟಲ್ ಘೋಸ್ಟ್' ಮ್ಯಾಂಡೊಲಿನ್ ಹಿಡಿದ ಗುಡ್ಡಗಾಡಿನ ಧಾಟಿ, ಖುಷಿಯಾಗಿ ಬಂದು ಹೋಗುತ್ತದೆ. 'ಆ್ಯಸ್ ಅಗ್ಲಿ ಆ್ಯಸ್ ಐ ಸೀಮ್' ಇಲ್ಲದಿದ್ದರೂ ನಡೆಯುತ್ತಿತ್ತು.

ಮನೆಯಲ್ಲಿ ಮುದ್ರಿಸಿದ್ದರ ಗುರುತು ಆಲ್ಬಂ ತುಂಬ ಇದೆ. ಕೋಣೆಯ ಗೋಡೆ ಕೇಳುತ್ತದೆ. ಒಂದೇ ಸೂರಿನಡಿ ಡ್ರಮ್ ಮತ್ತು ಪಿಯಾನೊ ಒಟ್ಟಿಗೆ ಮುದ್ರಿಸುವವರಿಗೆ ತಲೆನೋವು ಪಿಯಾನೊದ ಮೈಕಿಗೆ ನುಗ್ಗುವ ಡ್ರಮ್. ಗಿಟಾರ್ ಆಂಪ್ಲಿಫೈಯರ್ ಡ್ರಮ್‌ನಷ್ಟೇ ಜೋರು, ಮೈಕನ್ನು ಸ್ಪೀಕರಿಗೆ ಅಂಟಿಸಿದಂತೆ ಇಟ್ಟರೆ ಮುಗಿಯಿತು. ಪಿಯಾನೊಗೆ ಹಾಗಾಗದು. ಒಂದು ಮೈಕಿನಿಂದ ಅದರ ವಾದ್ಯಕ್ಕೆ ಎಷ್ಟು ದೂರವೋ, ಎರಡು ಮೈಕುಗಳ ನಡುವೆ ಅದರ ಮೂರು ಪಟ್ಟಾದರೂ ಇರಲಿ ಎನ್ನುವುದು ರೂಢಿಯ ಲೆಕ್ಕ. ಪಿಯಾನೊ ಮೈಕ್ 30 ಸೆಂಟಿಮೀಟರ್‌ನಲ್ಲಿದ್ದರೆ ಡ್ರಮ್‌ನ ಮೈಕ್ 90ರ ಆಚೆ. ಪಿಯಾನೊ ಮುಚ್ಚಳ ಹಾಕಿ, ಮೇಲೆ ದಪ್ಪ ಕಂಬಳಿ ಹೊದಿಸಿ, ಮೈಕನ್ನು ಒಳಗೆ ಇಳಿಸುವುದು ಇನ್ನೊಂದು ಉಪಾಯ. ದನಿ ಸ್ವಲ್ಪ ಡಬ್ಬಿಯೊಳಗಿನದಾಗುತ್ತದೆ, ಆದರೆ ರಾಕ್ ಹಾಡಿಗೆ ಅದೇ ಒಗ್ಗುವುದೂ ಉಂಟು.

ಎಂಟೇ ಟ್ರ್ಯಾಕಿನ ಟೇಪಾದರೆ ಹಂಚಿಕೆಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಡ್ರಮ್‌ಗೆ ಎರಡು, ಪಿಯಾನೊಗೆ ಎರಡು, ಹಾಡಿಗೆ ಒಂದು, ಜೊತೆದನಿಗೆ ಒಂದು, ಮರಿಂಬಾ ಅಥವಾ ಗಿಲಕಿಗೆ ಒಂದು, ಕೊನೆಯದು ಖಾಲಿ. ಜಾಗ ಸಾಲದಾದಾಗ ನಾಲ್ಕನ್ನು ಸೇರಿಸಿ ಆ ಖಾಲಿ ಟ್ರ್ಯಾಕಿಗೆ ಇಳಿಸಿದರೆ ನಾಲ್ಕು ತೆರವಾಗುತ್ತವೆ. ಆದರೆ ಇಳಿಸಿದ್ದನ್ನು ಮತ್ತೆ ಬಿಡಿಸಲಾಗದು, ಪ್ರತಿ ಇಳಿಕೆಗೂ ಟೇಪಿನ ಸುಸ್ಸೆನ್ನುವ ಸದ್ದು ಒಂದು ಪದರ ಏರುತ್ತದೆ. ಜೋರಾದ ಗಿಟಾರ್ ಹಾಡಿನಲ್ಲಿ ಅದು ಯಾರಿಗೂ ಕೇಳದು. ಪಿಯಾನೊ ಸ್ವರ ಇಳಿಯುವ ಸಂದಿನಲ್ಲಿ ನೇರ ಕಿವಿಗೆ ಬರುತ್ತದೆ. ಗಿಟಾರ್ ಬಿಟ್ಟವರು ಟೇಪಿನ ಹಳೆಯ ಸವಲತ್ತುಗಳನ್ನೂ ಅರ್ಧ ಬಿಟ್ಟಂತೆಯೇ.

ವೇದಿಕೆಯ ಮೇಲೆ ಇದನ್ನೆಲ್ಲ ಇಬ್ಬರೇ ಹೇಗೆ ಮಾಡುವುದು? ಬಿಡುಗಡೆಗೆ ಕೆಲವು ದಿನ ಮುಂಚೆ, 2005ರ ಜೂನ್ 1ರಂದು, ಬ್ರೆಜಿಲ್‌ನ ಮನೌಸ್ ಊರಿನ ಅಮೆಜೋನಸ್ ರಂಗಮಂದಿರದಲ್ಲಿ, ಮಳೆಕಾಡಿನ ನಡುವೆ ರಬ್ಬರ್ ಶ್ರೀಮಂತರು ಕಟ್ಟಿಸಿದ ಒಪೆರಾ ಮನೆಯಲ್ಲಿ, ಅವರು ನುಡಿಸಿದರು. ಆ ವರ್ಷದ ಪ್ರವಾಸದಲ್ಲಿ ವೇದಿಕೆಯ ಮೇಲೆ ಪಿಯಾನೊ, ಮರಿಂಬಾ, ಗಿಟಾರುಗಳು ಸುತ್ತ ನಿಂತಿರುತ್ತಿದ್ದವು, ಜ್ಯಾಕ್ ವೈಟ್ ಒಂದರಿಂದ ಒಂದಕ್ಕೆ ಓಡುತ್ತಿದ್ದರು. ಓಡುವ ಆ ನಾಲ್ಕೈದು ಸೆಕೆಂಡಿನಲ್ಲಿ ಸಂಗೀತವನ್ನು ಹಿಡಿದು ನಿಲ್ಲಿಸುತ್ತಿದ್ದದ್ದು ಡ್ರಮ್ ಒಂದೇ.

ಬೇರೆ ಜೋಡಿಗಳು ಇದೇ ತಿರುವಿನಲ್ಲಿ ಬೇರೆ ದಾರಿ ಹಿಡಿದವು. ಬ್ಲ್ಯಾಕ್ ಕೀಸ್ 2008ರ 'ಅಟ್ಯಾಕ್ ಅಂಡ್ ರಿಲೀಸ್'ಗೆ ಡೇಂಜರ್ ಮೌಸ್ ಎಂಬ ನಿರ್ಮಾಪಕನನ್ನು ಕರೆದರು, ಪದರ ಸೇರಿಸಿದರು, 2010ರಿಂದ ವೇದಿಕೆಗೆ ಬೇಸ್ ಮತ್ತು ಕೀಬೋರ್ಡ್ ನುಡಿಸುವವರನ್ನೂ ಹತ್ತಿಸಿದರು. ಬ್ರಿಟನ್ನಿನ ರಾಯಲ್ ಬ್ಲಡ್ ಗಿಟಾರನ್ನೇ ಬಿಟ್ಟು ಬೇಸ್ ಮತ್ತು ಡ್ರಮ್‌ನಿಂದ ಹುಟ್ಟಿದ ತಂಡ. ಅವರಿಗೆ ಮಂದ್ರ ಧಾರಾಳ, ಕೊರತೆ ತಾರದ್ದು. 2021ರ 'ಟೈಫೂನ್ಸ್'ನಲ್ಲಿ ಕುಣಿತದ ಧಾಟಿಗೆ ಹೊರಳಿದರು. ಎರಡೂ ಒಳ್ಳೆಯ ಆಲ್ಬಂಗಳೇ. ಆದರೆ ಸೇರಿಸಿಕೊಂಡು ಬದಲಾಗುವುದು ಒಂದು, ಕೈಯಲ್ಲಿದ್ದ ಗೆದ್ದೆತ್ತನ್ನು ಕೊಟ್ಟಿಗೆಯಲ್ಲೇ ಬಿಟ್ಟು ಹೊಲಕ್ಕೆ ಹೋಗುವುದು ಇನ್ನೊಂದು.

ಆಲ್ಬಂ ಕೇಳುವವರಿಗೆ ಒಂದು ಸಲಹೆ: ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಅದು ಸುಮಾರು 200 ಹರ್ಟ್ಸ್‌ನ ಕೆಳಗಿನದನ್ನೆಲ್ಲ ನುಂಗುತ್ತದೆ, ಉಳಿಯುವುದು ಟಿಣ್ ಟಿಣ್. ಎಲ್‌ಪಿಯೇ ಬೇಕೆನ್ನುವವರು ಬಹಳ ಕಾಯಬೇಕಾಯಿತು. 2005ರಲ್ಲಿ ಪತ್ರಕರ್ತರಿಗೆ ಹಂಚಿದ ಕೆಲವೇ ಪ್ರತಿಗಳನ್ನು ಬಿಟ್ಟರೆ, ಅಂಗಡಿಗೆ ಬಂದದ್ದು 2015ರ ರೆಕಾರ್ಡ್ ಸ್ಟೋರ್ ಡೇ ದಿನ. ಮೊದಲ ಸಲ 'ಮೈ ಡೋರ್‌ಬೆಲ್' ಎಡಗೈಗೆ ಕಿವಿ ಕೊಟ್ಟು ಕೇಳಿ, ಎರಡನೇ ಸಲ ಬರೀ ಕಿಕ್‌ಗೆ. ಅವೆರಡೂ ಎಲ್ಲಿ ಒಟ್ಟಿಗೆ ಬೀಳುತ್ತವೆ, ಎಲ್ಲಿ ಒಂದು ಇನ್ನೊಂದಕ್ಕೆ ದಾರಿ ಬಿಡುತ್ತದೆ ಎಂದು ಎಣಿಸಿದರೆ ಹಾಡು ಬಿಚ್ಚಿಕೊಳ್ಳುತ್ತದೆ.

2007ರ 'ಇಕಿ ಥಂಪ್'ನಲ್ಲಿ ಗಿಟಾರ್ ವಾಪಸ್ ಬಂತು, ಅಬ್ಬರವೂ ಬಂತು. ಅದು ಅವರ ಕೊನೆಯ ಸ್ಟುಡಿಯೊ ಆಲ್ಬಂ. 2011ರ ಫೆಬ್ರುವರಿಯಲ್ಲಿ ತಂಡ ಮುಗಿಯಿತೆಂದು ಪ್ರಕಟಿಸಿದರು. ಆದರೆ 2005ರ ಆಲ್ಬಂ ಮುಗಿಯುವ ಬಗೆ ಬೇರೆ. 'ಐಮ್ ಲೋನ್ಲಿ' ಎಂದು ಶುರುವಾಗುವ ಹೆಸರಿನ ಕೊನೆಯ ಹಾಡಿನಲ್ಲಿ ಪಿಯಾನೊ ಮತ್ತು ದನಿ ಅಷ್ಟೇ. ಹನ್ನೆರಡು ಹಾಡಿನ ಉದ್ದಕ್ಕೂ ಗಿಟಾರಿನ ಜಾಗಕ್ಕೆ ಯಾರ್‍ಯಾರೋ ಬಂದು ಹೋದರು. ಇಲ್ಲಿ ಡ್ರಮ್‌ನ ಜಾಗವೂ ಖಾಲಿ. ಎಡಗೈ ಒಂದೊಂದೇ ಮಂದ್ರ ಸ್ವರ ಇಡುತ್ತದೆ, ಅದು ಇಳಿದು ಹೋಗುವವರೆಗೂ ಕಾಯುತ್ತದೆ, ಆಮೇಲೆ ಇನ್ನೊಂದು ಇಡುತ್ತದೆ.